ಕ್ರೆಸ್ಟ್ ಒಂದು ಆಕಾರ ಕೊಟ್ಟಿತು, ಆರ್‌ಡಿಕಿಟ್ ಇನ್ನೊಂದು: ಯಾವುದನ್ನು ನಂಬಲಿ?

ಕಂಗಾಲು_ಅಣು
ನನ್ನ ಅಣುವಿನಲ್ಲಿ 8 ತಿರುಗುವ ಬಂಧಗಳಿವೆ. ಎರಡು ಹೈಡ್ರಾಕ್ಸಿಲ್, ಒಂದು ಎಸ್ಟರ್, ಎರಡು ಕೈರಲ್ ಇಂಗಾಲ (ತನ್ನ ಕನ್ನಡಿ ಬಿಂಬದ ಮೇಲೆ ಕೂರದ ಜೋಡಣೆ). ಕನ್ಫಾರ್ಮರ್ ಅಂದರೆ ಬಂಧಗಳು ತಿರುಗಿ ಬರುವ, ಶಕ್ತಿಯ ತಗ್ಗಿನಲ್ಲಿ ಕೂರುವ ಆಕಾರ. ಅವನ್ನು ಹುಡುಕುವ ತಂತ್ರಾಂಶ ಕ್ರೆಸ್ಟ್‌ನಲ್ಲಿ ನೋಡಿದರೆ ಅತಿ ಕಡಿಮೆ ಶಕ್ತಿಯ ಕನ್ಫಾರ್ಮರ್ ಮುದುಡಿಕೊಂಡಿದೆ. ಒಂದು ಹೈಡ್ರಾಕ್ಸಿಲ್ ಎಸ್ಟರ್‌ನ ಕಾರ್ಬೊನಿಲ್ ಜೊತೆ ಹೈಡ್ರೋಜನ್ ಬಂಧ ಕಟ್ಟಿಕೊಂಡಿದೆ. ಇನ್ನೊಂದು ತಂತ್ರಾಂಶ ಆರ್‌ಡಿಕಿಟ್‌ನಲ್ಲಿ ಕನ್ಫಾರ್ಮರ್‌ಗಳನ್ನು ಮಾಡಿ, ಎಂಎಂಎಫ್‌ಎಫ್94 ಎಂಬ ಫೋರ್ಸ್ ಫೀಲ್ಡ್‌ನಲ್ಲಿ (ಸರಳ ಸೂತ್ರಗಳಿಂದ ಶಕ್ತಿ ಲೆಕ್ಕ ಹಾಕುವ ವಿಧಾನ) ಇಳಿಸಿದರೆ ಬೇರೆಯದೇ ಚಾಚಿದ ಆಕಾರ ಮೊದಲ ಸ್ಥಾನಕ್ಕೆ ಬರುತ್ತದೆ. ಎರಡನ್ನೂ ಬಿ3ಎಲ್‌ವೈಪಿಯಲ್ಲಿ (ಡಿಎಫ್‌ಟಿ ಎಂಬ ಕ್ವಾಂಟಮ್ ಲೆಕ್ಕದ ಒಂದು ಬಗೆ) ಆಪ್ಟಿಮೈಸ್ ಮಾಡಿದೆ. ಚಾಚಿದ್ದು 1.1 ಕಿಲೋಕ್ಯಾಲರಿ ಕೆಳಗಿದೆ. ಮೆಥನಾಲ್‌ನಲ್ಲಿ ತೆಗೆದ ಎನ್‌ಎಂಆರ್‌ನಲ್ಲಿ ಪಕ್ಕಪಕ್ಕದ ಎರಡು ಪ್ರೋಟಾನ್‌ಗಳ ಜೆ (ಅವುಗಳ ನಡುವಿನ ತಿರುಚು ಕೋನಕ್ಕೆ ತಕ್ಕಂತೆ ಬದಲಾಗುವ ಅಳತೆ) 7 ಹರ್ಟ್ಸ್. ಮುದುಡಿದ ಆಕಾರಕ್ಕೆ ಲೆಕ್ಕ ಹಾಕಿದರೆ 2.5 ಬರುತ್ತದೆ, ಚಾಚಿದ್ದಕ್ಕೆ 11. ಯಾವುದನ್ನು ನಂಬಲಿ?

ಶೂನ್ಯ_ಕೆಲ್ವಿನ್
ಕ್ರೆಸ್ಟ್ ನಂಬಿ. ಅದು ಮೆಟಾಡೈನಾಮಿಕ್ಸ್ ಓಡಿಸುತ್ತದೆ. ಒಮ್ಮೆ ನೋಡಿದ ಆಕಾರದಿಂದ ಅಣುವನ್ನು ದೂರ ತಳ್ಳುತ್ತಾ ಹೋಗುತ್ತದೆ, ಹಾಗಾಗಿ ಒಂದೇ ತಗ್ಗಿನಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಶಕ್ತಿ ಲೆಕ್ಕ ಜಿಎಫ್‌ಎನ್2-ಎಕ್ಸ್‌ಟಿಬಿಯದು, ಅಂದರೆ ಕ್ವಾಂಟಮ್ ವಿಧಾನ. ನಿಮ್ಮ ತಪ್ಪು ಬಿ3ಎಲ್‌ವೈಪಿ. ಅದಕ್ಕೆ ಡಿಸ್ಪರ್ಷನ್, ಅಂದರೆ ಹತ್ತಿರ ಬಂದ ಪರಮಾಣುಗಳ ನಡುವಿನ ದುರ್ಬಲ ಸೆಳೆತ, ಗೊತ್ತೇ ಇಲ್ಲ. ಡಿ3 ತಿದ್ದುಪಡಿ ಹಾಕದೆ ಓಡಿಸಿದರೆ ಮುದುಡಿದ ಆಕಾರಗಳೆಲ್ಲ ಸುಮ್ನೆ ಮೇಲೆ ಹೋಗಿ ಕೂರುತ್ತವೆ.

ತಿರುಪು
"ಕ್ರೆಸ್ಟ್ ನಂಬಿ" ಅಂದರೆ ಯಾವ ಕ್ರೆಸ್ಟ್? ನಿರ್ವಾತದಲ್ಲಿ ಓಡಿಸಿದ್ದಾ? ಎನ್‌ಎಂಆರ್ ಇರುವುದು ಮೆಥನಾಲ್‌ನಲ್ಲಿ. ನಿರ್ವಾತದಲ್ಲಿ ಹೈಡ್ರಾಕ್ಸಿಲ್‌ಗೆ ಬೇರೆ ಯಾರೂ ಸಿಗುವುದಿಲ್ಲ, ಎದುರಿಗಿರುವ ಕಾರ್ಬೊನಿಲ್ಲನ್ನೇ ಹಿಡಿದುಕೊಳ್ಳುತ್ತದೆ. ಆರ್‌ಡಿಕಿಟ್ ಕನ್ಫಾರ್ಮರ್ ಮಾಡುವ ಇಟಿಕೆಡಿಜಿ ವಿಧಾನ ಹಾಗಲ್ಲ. ರಿನಿಕರ್ ಮತ್ತು ಲ್ಯಾಂಡ್ರಂ 2015ರಲ್ಲಿ ಅದನ್ನು ಪ್ರಕಟಿಸಿದ್ದು. ತಿರುಚು ಕೋನಗಳ ಒಲವು ಕೇಂಬ್ರಿಜ್‌ನ ಸ್ಫಟಿಕ ದತ್ತಾಂಶದಿಂದ ಬಂದಿದೆ. ನಿಜವಾಗಿ ಇರುವ ಅಣುಗಳನ್ನು ನೋಡಿ ಕಲಿತದ್ದು.

ಶೂನ್ಯ_ಕೆಲ್ವಿನ್
"ಸ್ಫಟಿಕ ದತ್ತಾಂಶ" ಅಂದಿರಲ್ಲ, ಮೆಥನಾಲ್ ಯಾವಾಗಿನಿಂದ ಸ್ಫಟಿಕವಾಯಿತು? ಜೊತೆಗೆ ಅವರು ಎಂಎಂಎಫ್‌ಎಫ್94ರಲ್ಲಿ ಇಳಿಸಿದ್ದೂ ನಿರ್ವಾತದಲ್ಲೇ. 1996ರ ಫೋರ್ಸ್ ಫೀಲ್ಡ್ ಅದು. ನನಗೆ ನಿರ್ವಾತದ ಪಾಠ ಮಾಡುವ ಮೊದಲು ನಿಮ್ಮ ಮನೆ ನೋಡಿಕೊಳ್ಳಿ.

ಸಿಂಗ್ಲೆಟ್_ಡಬ್ಲೆಟ್
2.5 ಮತ್ತು 11ರ ನಡುವೆ 7 ಇದೆ. ಎರಡೂ ಹೆಚ್ಚುಕಡಿಮೆ ಅರ್ಧರ್ಧ ಇದ್ದರೆ ಸರಿಹೋಗುತ್ತದೆ. ಒಂದನ್ನೇ ಯಾಕೆ ಆರಿಸಬೇಕು?

ಹಳೇ_ಕುರ್ಚಿ
ಒಂದೇ ತಂತ್ರಾಂಶ ಹಿಡಿದುಕೊಂಡು ಜಗಳ ಆಡುವುದು ಹೊಸ ಕಾಲದ ರೋಗ. ಸೈಕ್ಲೋಹೆಪ್ಟಾಡೆಕೇನ್ ಬಗ್ಗೆ 1990ರ ಪ್ರಬಂಧ ಓದಿ. 17 ಇಂಗಾಲದ ಉಂಗುರ, ಎಂಎಂ2 ಫೋರ್ಸ್ ಫೀಲ್ಡ್. ಕನಿಷ್ಠ ಶಕ್ತಿಯಿಂದ 3 ಕಿಲೋಕ್ಯಾಲರಿ ಒಳಗೆ 262 ಕನ್ಫಾರ್ಮರ್ ಸಿಕ್ಕವು. ಅದೂ ಮಾಂಟೆ ಕಾರ್ಲೊ, ಡಿಸ್ಟೆನ್ಸ್ ಜಿಯಾಮೆಟ್ರಿ, ಮಾಲಿಕ್ಯುಲರ್ ಡೈನಾಮಿಕ್ಸ್ ಹೀಗೆ ಹಲವು ವಿಧಾನಗಳ ಫಲಿತಾಂಶ ಒಟ್ಟು ಹಾಕಿದ ಮೇಲೆ. ಒಂದು ತಂತ್ರಾಂಶ "ಇದೇ ಕನಿಷ್ಠ" ಅಂದಾಕ್ಷಣ ನಂಬುವುದು, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ.

ತಿರುಪು
"ಇದೇ ಕನಿಷ್ಠ" ಯಾರಿಗೆ ಬೇಕು ಸ್ವಾಮಿ? ಔಷಧ ಕಂಡುಹಿಡಿಯುವವರಿಗಂತೂ ಬೇಡ. ಪೆರೋಲಾ ಮತ್ತು ಚಾರಿಫ್‌ಸನ್ 2004ರಲ್ಲಿ ತೋರಿಸಿದ್ದಾರೆ, ಪ್ರೋಟೀನ್‌ಗೆ ಅಂಟಿದ ಲಿಗ್ಯಾಂಡ್‌ಗಳಲ್ಲಿ 60 ಶೇಕಡಾಕ್ಕೂ ಜಾಸ್ತಿ ಯಾವ ಸ್ಥಳೀಯ ತಗ್ಗಿನಲ್ಲೂ ಇರಲಿಲ್ಲ. ಬೇಕಾಗಿರುವುದು ಒಳ್ಳೆಯ ಹರಡು. ಅದನ್ನು ಇಟಿಕೆಡಿಜಿ ಕ್ಷಣಗಳಲ್ಲಿ ಕೊಡುತ್ತದೆ. ಕ್ರೆಸ್ಟ್ ರಾತ್ರಿಯಿಡೀ ಫ್ಯಾನ್ ತಿರುಗಿಸುತ್ತದೆ.

ಶೂನ್ಯ_ಕೆಲ್ವಿನ್
ಪ್ರಶ್ನೆ ಕೇಳಿದವರ ಅಣು ಪ್ರೋಟೀನ್‌ಗೆ ಅಂಟಿಲ್ಲ. ಆ 60 ಶೇಕಡಾ ಕೂಡ ಯಾವ ಫೋರ್ಸ್ ಫೀಲ್ಡ್, ಎಷ್ಟು ಸ್ಪಷ್ಟ ಸ್ಫಟಿಕ ರಚನೆ ಅನ್ನುವುದರ ಮೇಲೆ ನಿಂತಿದೆ. ನಿಮಗೆ ಬೇಕಾದ ಸಾಲು ಮಾತ್ರ ಎತ್ತಿ ತರಬೇಡಿ.

ಜಾಲ_ಕಲಿಕೆ
ಇದೆಲ್ಲ ಯಾಕೆ? ಈಗ ನ್ಯೂರಲ್ ನೆಟ್‌ವರ್ಕ್‌ಗಳೇ ಕನ್ಫಾರ್ಮರ್ ಬರೆದುಕೊಡುತ್ತವೆ. 2022ರ ಜಿಯೋಮ್ ದತ್ತಾಂಶದಲ್ಲಿ 4.5 ಲಕ್ಷ ಅಣುಗಳು, 3.7 ಕೋಟಿ ಕನ್ಫಾರ್ಮರ್‌ಗಳು. ಅದರ ಮೇಲೆ ತರಬೇತಿ ಕೊಟ್ಟ ಮಾದರಿ ಸಾಕು.

ಶೂನ್ಯ_ಕೆಲ್ವಿನ್
ಆ 3.7 ಕೋಟಿ ಹುಟ್ಟಿದ್ದೇ ಕ್ರೆಸ್ಟ್‌ನಿಂದ. ಧನ್ಯವಾದ.

ತಿರುಪು
ಹಾಗಾದರೆ ಕ್ರೆಸ್ಟ್‌ನ ತಪ್ಪುಗಳನ್ನೂ ಅದು ಬಾಯಿಪಾಠ ಮಾಡಿಕೊಂಡಿದೆ. ನಿಮಗೂ ಧನ್ಯವಾದ.

ಶೂನ್ಯ_ಕೆಲ್ವಿನ್
ಯಾವ ತಪ್ಪು? ಹೆಸರು ಹೇಳಿ. ಮುದುಡುವುದೇ ತಪ್ಪು ಅನ್ನುವುದಾದರೆ ನೇರ ಆಲ್ಕೇನ್‌ಗಳನ್ನು ನೋಡಿ. ತಣ್ಣಗಿನ ಅನಿಲದಲ್ಲಿ 17 ಇಂಗಾಲದ ಆಸುಪಾಸು ದಾಟಿದರೆ ಸರಪಳಿ ತಾನಾಗಿ ಮಡಚಿಕೊಳ್ಳುತ್ತದೆ. 2013ರಲ್ಲಿ ರಾಮನ್ ವರ್ಣಪಟಲದಲ್ಲೇ ಕಂಡಿದ್ದಾರೆ. ಚಾಚಿಕೊಂಡಿರುವುದೇ ಸಹಜ ಅನ್ನುವುದು ಪಠ್ಯಪುಸ್ತಕದ ಬ್ಯೂಟೇನ್‌ನಿಂದ ಬಂದ ಭ್ರಮೆ. ಬ್ಯೂಟೇನ್‌ಗೇನು, ಎರಡೇ ಕನ್ಫಾರ್ಮರ್, ಆಂಟಿ (ತಿರುಚು ಕೋನ 180) ಮತ್ತು ಗೋಶ್ (ಸುಮಾರು 60), ಅಲ್ಲಿಗೆ ಕಥೆ ಮುಗಿಯಿತು.

ದರ್ಪಣ_ರೂಪ
ಬ್ಯೂಟೇನ್‌ಗೆ ಮೂರು.

ಶೂನ್ಯ_ಕೆಲ್ವಿನ್
ಎರಡು. ಎರಡೂ ಗೋಶ್‌ಗಳ ಶಕ್ತಿ ಒಂದೇ, ತಿರುಗು ಸ್ಥಿರಾಂಕ ಒಂದೇ. ಕ್ರೆಸ್ಟ್ ಕೂಡ ಎರಡನೆಯದನ್ನು ಕನ್ಫಾರ್ಮರ್ ಪಟ್ಟಿಗೆ ಹಾಕುವುದಿಲ್ಲ.

ದರ್ಪಣ_ರೂಪ
ಹಾಕುವುದಿಲ್ಲ, ಆದರೆ ಬಿಸಾಕುವುದೂ ಇಲ್ಲ. ರೋಟಮರ್ ಅಂತ ಪಕ್ಕದ ಕಡತದಲ್ಲಿ ಇಟ್ಟುಕೊಂಡು ತೂಕದಲ್ಲಿ ಸೇರಿಸುತ್ತದೆ. ಪ್ಲಸ್ 60 ಮತ್ತು ಮೈನಸ್ 60 ಒಂದಕ್ಕೊಂದು ಕನ್ನಡಿ ಬಿಂಬ. ತಿರುಗಿಸಿ ಒಂದರ ಮೇಲೊಂದು ಕೂರಿಸಲು ಆಗುವುದಿಲ್ಲ. ಎರಡು ಬೇರೆ ತಗ್ಗುಗಳು. ನಡುವೆ ದಾಟಬೇಕಾದ ಗುಡ್ಡ ಇದೆ.

ಶೂನ್ಯ_ಕೆಲ್ವಿನ್
"ಬೇರೆ ತಗ್ಗುಗಳು" ಅನ್ನುವ ಲೆಕ್ಕಕ್ಕೆ ಹೋದರೆ ಎರಡು ತುದಿಯ ಮೀಥೈಲ್‌ಗಳು ತಿರುಗುವುದನ್ನೂ ಎಣಿಸಿ. ಮೂರು ಗುಣಿಸು ಮೂರು ಗುಣಿಸು ಮೂರು, 27. ಬ್ಯೂಟೇನ್‌ಗೆ 27 ಕನ್ಫಾರ್ಮರ್ ಅಂತ ಬರೆದು ಯಾರಾದರೂ ಪರೀಕ್ಷಕರಿಗೆ ಕೊಡಿ ನೋಡೋಣ.

ದರ್ಪಣ_ರೂಪ
ಮೀಥೈಲ್‌ನ 9 ಆಂಟಿಗೂ ಬರುತ್ತದೆ, ಗೋಶ್‌ಗೂ ಬರುತ್ತದೆ. ಅನುಪಾತ ತೆಗೆದಾಗ ಹೊಡೆದುಹೋಗುತ್ತದೆ. ಗೋಶ್‌ನ 2 ಹೊಡೆದುಹೋಗುವುದಿಲ್ಲ. ಲೆಕ್ಕ ನೋಡಿ. ಗೋಶ್ 0.9 ಕಿಲೋಕ್ಯಾಲರಿ ಮೇಲಿದೆ, ಉಷ್ಣಾಂಶ 25 ಡಿಗ್ರಿ ಅಂತ ಇಟ್ಟುಕೊಳ್ಳಿ. ಒಂದೇ ಗೋಶ್ ಎಣಿಸಿದರೆ ಆಂಟಿ 82 ಶೇಕಡಾ. ಎರಡು ಎಣಿಸಿದರೆ 70. ನೀವು ಎರಡೇ ಅಂದು 12 ಶೇಕಡಾ ಬ್ಯೂಟೇನ್ ಮಾಯ ಮಾಡಿದ್ದೀರಿ.

ಶೂನ್ಯ_ಕೆಲ್ವಿನ್
0.9 ಹಳೇ ಸಂಖ್ಯೆ. ಒಳ್ಳೆಯ ಕಪಲ್ಡ್ ಕ್ಲಸ್ಟರ್ ಲೆಕ್ಕದಲ್ಲಿ ಅದು 0.6ರ ಹತ್ತಿರ. ಹಳೇ ಅಂಕಿ ಹಿಡಿದು ನನಗೆ ಪಾಠ ಬೇಡ.

ದರ್ಪಣ_ರೂಪ
0.6 ಹಾಕಿ. ಆಗ 73 ಮತ್ತು 58. ಅಂತರ 15ಕ್ಕೆ ಏರಿತು. ಇನ್ನೂ ಹೊಸ ಸಂಖ್ಯೆ ಏನಾದರೂ ಇದೆಯಾ?

ತಿರುಪು
😀

ಶೂನ್ಯ_ಕೆಲ್ವಿನ್
ನಗುವುದು ಸುಲಭ. ನಾನು ಹೇಳಿದ್ದು ಎಷ್ಟು ಬಗೆಯ ಕನ್ಫಾರ್ಮರ್ ಅಂತ, ಎಷ್ಟು ಪಾಲು ಅಂತ ಅಲ್ಲ. ಡಿಜೆನರಸಿ, ಅಂದರೆ ಒಂದೇ ಶಕ್ತಿಯ ತಗ್ಗುಗಳ ಸಂಖ್ಯೆ, ತೂಕದಲ್ಲಿ ಬರುತ್ತದೆ ಅನ್ನುವುದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು. ಹೇಳುವ ಅಗತ್ಯವೇ ಇರಲಿಲ್ಲ.

ದರ್ಪಣ_ರೂಪ
"ಹೇಳುವ ಅಗತ್ಯ ಇರಲಿಲ್ಲ" ಅಂತ ಬಿಟ್ಟವರ ಲೆಕ್ಕಗಳೇ ಜಾಸ್ತಿ ಕೈಕೊಡುವುದು. ನಕಲು ತೆಗೆಯುವಾಗ ಕನ್ನಡಿ ಬಿಂಬಗಳನ್ನೂ ಅಳಿಸಿ, ಆಮೇಲೆ ಉಳಿದವಕ್ಕೆ ಸಮ ತೂಕ ಕೊಟ್ಟು ಬೋಲ್ಟ್ಸ್‌ಮನ್ ಸರಾಸರಿ (ಶಕ್ತಿಗೆ ತಕ್ಕ ಪಾಲಿನ ಸರಾಸರಿ) ತೆಗೆಯುತ್ತಾರೆ. ಒಂದರ ಬದಲು ಎರಡು ಎಣಿಸುವುದಕ್ಕೆ ಸಮನಾದ ಶಕ್ತಿ, ಆರ್‌ಟಿ ಲಾಗ್ 2, ಎಷ್ಟು? 0.41 ಕಿಲೋಕ್ಯಾಲರಿ. ಬ್ಯೂಟೇನ್‌ನ ಒಟ್ಟು ಅಂತರದ ಅರ್ಧಕ್ಕೆ ಹತ್ತಿರ.

ಹಳೇ_ಕುರ್ಚಿ
ಬಾರ್ಟನ್ 1950ರಲ್ಲಿ ಕನ್ಫಾರ್ಮೇಷನ್ ವಿಶ್ಲೇಷಣೆ ಶುರು ಮಾಡಿದಾಗ ಕೈಯಲ್ಲಿ ಇದ್ದದ್ದು ಮಾದರಿ ಮತ್ತು ತಲೆ. 1969ರಲ್ಲಿ ಹಾಸೆಲ್ ಜೊತೆ ನೊಬೆಲ್ ಬಂತು. ನೀವು ಬ್ಯೂಟೇನ್ ಎಣಿಸುವುದರಲ್ಲೇ ಇದ್ದೀರಿ.

ಕಂಗಾಲು_ಅಣು
ಕ್ಷಮಿಸಿ, ನನ್ನ ಅಣುವಿನಲ್ಲಿ ಎರಡು ಕೈರಲ್ ಇಂಗಾಲ ಇವೆ. ಆಗ ಪ್ಲಸ್ 60 ಮತ್ತು ಮೈನಸ್ 60ರ ಶಕ್ತಿ ಒಂದೇ ಇರುವುದಿಲ್ಲ ಅಲ್ವಾ? ಬ್ಯೂಟೇನ್ ವಿಷಯ ನನಗೆ ಹೇಗೆ ಅನ್ವಯಿಸುತ್ತದೆ?

ಇನ್ನೊಂದು. ನೀವೆಲ್ಲ ಹೇಳಿದ ಮೇಲೆ ಕ್ರೆಸ್ಟ್ ಅನ್ನು ಮೆಥನಾಲ್‌ನ ಎಎಲ್‌ಪಿಬಿ ದ್ರಾವಕ ಮಾದರಿ ಹಾಕಿ ಮತ್ತೆ ಓಡಿಸಿದೆ. ಈ ಸಲ ಚಾಚಿದ್ದೂ ಮುದುಡಿದ್ದೂ ಎರಡೂ ಪಟ್ಟಿಯ ಮೇಲ್ಭಾಗದಲ್ಲೇ ಇವೆ. ಡಿ3 ಸೇರಿಸಿ, ದ್ರಾವಕ ಸೇರಿಸಿ ಡಿಎಫ್‌ಟಿ ಮಾಡಿದರೆ ಚಾಚಿದ್ದು ಬರೀ 0.2 ಕಿಲೋಕ್ಯಾಲರಿ ಕೆಳಗಿದೆ.

ತಿರುಪು
ಚಾಚಿದ್ದು ಕೆಳಗಿದೆ. ಆರ್‌ಡಿಕಿಟ್ ಮೊದಲೇ ಹೇಳಿತ್ತು. ನಾನು ಇನ್ನೇನೂ ಹೇಳುವುದಿಲ್ಲ.

ಶೂನ್ಯ_ಕೆಲ್ವಿನ್
0.2ಕ್ಕೆ ಮೀಸೆ ತಿರುವಬೇಡಿ. ಪಾಲು ಹತ್ತು ಪಟ್ಟು ಬದಲಾಗಬೇಕಾದರೆ 1.36 ಕಿಲೋಕ್ಯಾಲರಿ ಬೇಕು. ಡಿಎಫ್‌ಟಿಯ ತಪ್ಪೇ 0.2ಕ್ಕಿಂತ ಜಾಸ್ತಿ. ಡಿ3 ಹಾಕಿದ ಕೂಡಲೇ ಅಂತರ 1.1ರಿಂದ 0.2ಕ್ಕೆ ಇಳಿಯಿತು, ನಾನು ಮೊದಲ ಉತ್ತರದಲ್ಲೇ ಹೇಳಿದ್ದೆ.

ತಿರುಪು
ಡಿ3 ಜೊತೆ ದ್ರಾವಕವನ್ನೂ ಸೇರಿಸಿದ್ದಾರೆ. ಯಾವುದು ಎಷ್ಟು ಇಳಿಸಿತು ಅಂತ ನಿಮಗೆ ಹೇಗೆ ಗೊತ್ತಾಯಿತು? ಒಂದನ್ನು ಬದಲಿಸಿ, ಇನ್ನೊಂದನ್ನು ಹಾಗೇ ಇಟ್ಟು ನೋಡಿದ್ದೀರಾ?

ಸಿಂಗ್ಲೆಟ್_ಡಬ್ಲೆಟ್
ಎರಡೇ ಇವೆ ಅಂತ ಇಟ್ಟುಕೊಂಡರೆ 0.2 ಅಂದರೆ 58ಕ್ಕೆ 42. ಜೆ 7.4 ಬರುತ್ತದೆ. ಅಳೆದದ್ದು 7. ಮುಗಿಯಿತಲ್ಲ.

ಶೂನ್ಯ_ಕೆಲ್ವಿನ್
"ಎರಡೇ ಇವೆ ಅಂತ ಇಟ್ಟುಕೊಂಡರೆ"? 8 ಬಂಧಕ್ಕೆ ಮೂರು ಮೂರು ಕೋನ ಅಂದರೂ 6561 ಜೋಡಣೆ. ಕ್ರೆಸ್ಟ್‌ನ ಕಿಟಕಿಯಲ್ಲಿ, ಅಂದರೆ ಕನಿಷ್ಠದಿಂದ 6 ಕಿಲೋಕ್ಯಾಲರಿ ಒಳಗೆ, ಹತ್ತಾರು, ಕೆಲವೊಮ್ಮೆ ನೂರಾರು ಉಳಿಯುತ್ತವೆ. ಎಂಟ್ರೊಪಿ ಬೇರೆ ಇದೆ. ಚಾಚಿದ ಆಕಾರ ಸಡಿಲ, ಮುದುಡಿದ್ದು ಬಿಗಿ. ಕಡಿಮೆ ಆವರ್ತನದ ಕಂಪನಗಳನ್ನು ಸರಿಯಾಗಿ ನೋಡಿಕೊಳ್ಳದೆ ಮುಕ್ತ ಶಕ್ತಿ ಹೇಳಬೇಡಿ. 7ಕ್ಕೆ 7.4 ಹೊಂದಿದ್ದು ಅದೃಷ್ಟ.

ಸಿಂಗ್ಲೆಟ್_ಡಬ್ಲೆಟ್
ಅದೃಷ್ಟ ಆಗಿದ್ದರೆ ಉಳಿದ ಜೆಗಳನ್ನೂ ಹಾಕಿ ನೋಡಲಿ. ಎನ್‌ಒಇ (ಹತ್ತಿರವಿರುವ ಪ್ರೋಟಾನ್ ಜೋಡಿಗಳನ್ನು ತೋರಿಸುವ ಎನ್‌ಎಂಆರ್ ಸಂಕೇತ) ಇದ್ದರೆ ಅದನ್ನೂ. ಮುದುಡಿದ್ದರಲ್ಲಿ ಮಾತ್ರ ಹತ್ತಿರ ಬರುವ ಪ್ರೋಟಾನ್ ಜೋಡಿ ಇದೆಯಾ?

ಕಂಗಾಲು_ಅಣು
ಒಂದು ಇದೆ. ಸಣ್ಣ ಎನ್‌ಒಇ ಬಂದಿದೆ. ಇನ್ನೆರಡು ಜೆಗಳೂ 6ರಿಂದ 7ರ ನಡುವೆ ಇವೆ.

ತಿರುಪು
ಸಣ್ಣದು ಅಂದರೆ ಮುದುಡಿದ್ದು ಕಡಿಮೆ ಇದೆ ಅಂತ.

ಶೂನ್ಯ_ಕೆಲ್ವಿನ್
ಬಂದಿದೆ ಅಂದರೆ ಮುದುಡಿದ್ದು ಇದೆ ಅಂತ. ಎನ್‌ಒಇ ದೂರದ ಆರನೇ ಘಾತಕ್ಕೆ ಬೀಳುತ್ತದೆ, ಅದರ ಎತ್ತರ ನೋಡಿ ಪಾಲು ಹೇಳುವುದು ನಿಮ್ಮ ಧೈರ್ಯ.

ತಿರುಪು
ಆರನೇ ಘಾತ ಅನ್ನುವುದು ನನ್ನ ಪರವಾಗಿದೆ. ಹತ್ತಿರ ಬಂದವು ಸ್ವಲ್ಪವೇ ಇದ್ದರೂ ಎನ್‌ಒಇ ಕೂಗಿ ಹೇಳುತ್ತದೆ. ಕೂಗಿಲ್ಲ.

ಜಾಲ_ಕಲಿಕೆ
ಓರ್ಕಾ 6 ತಂತ್ರಾಂಶದಲ್ಲಿ ಗೋಟ್ ಅಂತ ಕನ್ಫಾರ್ಮರ್ ಹುಡುಕುವ ವಿಧಾನ ಬಂದಿದೆ, 2024ರದ್ದು. ಬೇಕಾದ ಯಾವ ವಿಧಾನದಲ್ಲಾದರೂ ಹುಡುಕಬಹುದು. ಯಾರೂ ಅದರ ಮಾತೇ ಎತ್ತಲಿಲ್ಲ.

ಹಳೇ_ಕುರ್ಚಿ
ಪ್ರತಿ ವರ್ಷ ಒಂದು ಹೊಸ ಹೆಸರು. ಮೂರನೇ ವಿಧಾನದಲ್ಲೂ ಹುಡುಕಿ, ಮೂರರ ಪಟ್ಟಿ ಒಟ್ಟು ಮಾಡಿ, ಒಂದೇ ಮಟ್ಟದ ಡಿಎಫ್‌ಟಿಯಲ್ಲಿ ಸಾಲಾಗಿ ನಿಲ್ಲಿಸಿ. ಕೊನೆಯ ಹುಡುಕಾಟದಲ್ಲಿ ಹೊಸದೇನೂ ಸಿಗದಿದ್ದರೆ ನಿಲ್ಲಿಸಿ. ಇದನ್ನು 1990ರಲ್ಲೇ ಹೇಳಿದ್ದರು, ಆಗ ಯಾರೂ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ.

ದರ್ಪಣ_ರೂಪ
6561 ಅಂದಿರಲ್ಲ ಶೂನ್ಯ_ಕೆಲ್ವಿನ್, ಅದೇ ಮೂರು ಮೂರು ಕೋನದ ಲೆಕ್ಕ. ಬ್ಯೂಟೇನ್‌ಗೆ ಎರಡು ಅಂದವರು ಇಲ್ಲಿ ಬಂಧಕ್ಕೆ ಮೂರು ಮೂರು ಎಣಿಸಿದ್ದೀರಿ. ನಿಮ್ಮ ಕೈಯೇ ನನ್ನ ಪರ ಬರೆದಿದೆ.

ಶೂನ್ಯ_ಕೆಲ್ವಿನ್
ಇನ್ನೂ ಬ್ಯೂಟೇನ್ ಬಿಟ್ಟಿಲ್ಲವಾ? ಕೈರಲ್ ಅಣುವಿಗೆ ಮೂರೂ ಬೇರೆ ಬೇರೆ. ಬ್ಯೂಟೇನ್ ಕೈರಲ್ ಅಲ್ಲ. ಪ್ರಶ್ನೆ ಕೇಳಿದವರಿಗೇ ಅರ್ಥವಾಗಿದೆ, ನಿಮಗೆ ಆಗಿಲ್ಲ.

ದರ್ಪಣ_ರೂಪ
ಸರಿ, ಕೈರಲ್ ಅಲ್ಲದ್ದನ್ನೇ ತಗೊಳ್ಳಿ. ಪೆಂಟೇನ್. ಎಷ್ಟು ತಗ್ಗುಗಳು?

ಶೂನ್ಯ_ಕೆಲ್ವಿನ್
ನಿಮ್ಮ ರೀತಿಯಲ್ಲೇ ಹೇಳುತ್ತೇನೆ, ಜಗಳ ಬೇಡ. ಮೂರು ಮೂರಲ ಒಂಬತ್ತು.

ದರ್ಪಣ_ರೂಪ
ಹನ್ನೊಂದು. ಪ್ಲಸ್ 60, ಮೈನಸ್ 60 ಜೋಡಿ ತಗ್ಗೇ ಅಲ್ಲ. ತುದಿಯ ಮೀಥೈಲ್‌ಗಳ ಹೈಡ್ರೋಜನ್‌ಗಳು ಒಂದಕ್ಕೊಂದು ಗುದ್ದುತ್ತವೆ. ಒಂದು ಕೋನ 60ರ ಹತ್ತಿರ ಉಳಿದು ಇನ್ನೊಂದು ಸುಮಾರು 95ಕ್ಕೆ ಸರಿಯುತ್ತದೆ. ಯಾವ ಕೋನ ಸರಿಯುತ್ತದೆ ಅನ್ನುವುದಕ್ಕೆ ಎರಡು ದಾರಿ, ಹಾಗಾಗಿ ಆ ಎರಡು ಜೋಡಣೆ ನಾಲ್ಕಾಗುತ್ತವೆ. 60, 180 ಅಂತ ಕೋನ ಹಾಕಿ ಎಣಿಸಿದರೆ ಇದು ಕೈಗೆ ಸಿಗುವುದಿಲ್ಲ. ನಿಮ್ಮ 6561ಕ್ಕೂ ಅದೇ ಗತಿ.

ತಿರುಪು
ಆ ನಾಲ್ಕೂ 3 ಕಿಲೋಕ್ಯಾಲರಿ ಹತ್ತಿರ ಮೇಲಿವೆ. 25 ಡಿಗ್ರಿಯಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಯಾರಿಗಾಗಿ ಎಣಿಸುತ್ತಿದ್ದೀರಿ?

ದರ್ಪಣ_ರೂಪ
ಒಂಬತ್ತು ಅಂದವರಿಗಾಗಿ.

ಶೂನ್ಯ_ಕೆಲ್ವಿನ್
ನಿಮ್ಮ ಆ ಹನ್ನೊಂದರಲ್ಲಿ ಬೇರೆ ಬೇರೆ ಶಕ್ತಿಯವು ಎಷ್ಟು? ನಾಲ್ಕು. ಕನ್ಫಾರ್ಮರ್ ಎಣಿಸುವುದು ಹಾಗೆ. ಬ್ಯೂಟೇನ್‌ಗೆ ಎರಡು, ಪೆಂಟೇನ್‌ಗೆ ನಾಲ್ಕು. ಮೊದಲಿನಿಂದ ನಾನು ಹೇಳಿದ್ದೂ ಅದನ್ನೇ.