ಮಕ್ಕಳಿಗಾಗಿ ಗಿನಿಪಿಗ್ ತರುವುದೋ ಬೇಡವೋ?

ಇಬ್ಬರು ಮಕ್ಕಳ ಅಮ್ಮ
ಒಂಬತ್ತು ವರ್ಷದ ಮಗಳು, ಆರು ವರ್ಷದ ಮಗ ಇಬ್ಬರೂ ಗಿನಿಪಿಗ್ ಬೇಕೆಂದು ಎರಡು ತಿಂಗಳಿಂದ ಬೆನ್ನು ಬಿದ್ದಿದ್ದಾರೆ. ಗೂಡು ಗುಡಿಸುವುದು, ನೀರಿಡುವುದು ಎಲ್ಲ ತಾವೇ ಮಾಡುತ್ತೇವೆಂದು ಬರೆದು ಸಹಿ ಹಾಕಿದ ಕಾಗದವನ್ನು ಮಗಳು ಫ್ರಿಜ್ ಬಾಗಿಲಿಗೆ ಅಂಟಿಸಿದ್ದಾಳೆ. ನಾಯಿ ಸಾಕುವಷ್ಟು ಬಿಡುವು ನಮಗಿಲ್ಲ. ಇದಾದರೆ ಸುಲಭ ಎಂದು ನನ್ನ ಎಣಿಕೆ. ಸದ್ಯಕ್ಕೆ ಒಂದನ್ನು ತಂದು ನೋಡೋಣವೇ? ಸಾಕಿ ಬಲ್ಲವರು ಹೇಳಿ.

ಹುಲ್ಲಿನ ಕಂತೆ
ಒಂದನ್ನು ದಯವಿಟ್ಟು ತರಬೇಡಿ. ಅದು ಗುಂಪಿನಲ್ಲಿ ಬಾಳುವ ಪ್ರಾಣಿ. ಸ್ವಿಟ್ಜರ್‌ಲೆಂಡಿನಲ್ಲಂತೂ ಒಂಟಿಯಾಗಿ ಸಾಕಬಾರದೆಂದು 2008ರಲ್ಲಿ ನಿಯಮವನ್ನೇ ಮಾಡಿದರು. ನಮ್ಮ ಎರಡರಲ್ಲಿ ಒಂದು ಸತ್ತಾಗ ಉಳಿದದ್ದು ಮೂರು ದಿನ ಮೂಲೆ ಬಿಟ್ಟು ಕದಲಲಿಲ್ಲ. ಎಷ್ಟು ಮುದ್ದಿಸಿದರೂ ನಾವು ಅದರ ಭಾಷೆಯವರಲ್ಲವಲ್ಲ. ತರುವುದಾದರೆ ಎರಡು ತನ್ನಿ, ಎರಡೂ ಹೆಣ್ಣಾಗಿರಲಿ.

ನಿವೃತ್ತ ಮೇಷ್ಟ್ರು
ಎರಡೂ ಹೆಣ್ಣೆಂದು ಮಾರುವವರು ಹೇಳಿದ್ದನ್ನು ನಂಬಿ ತಂದವರು ನಾವು. ಎರಡು ತಿಂಗಳು ತುಂಬುವಷ್ಟರಲ್ಲಿ ಮರಿಗಳು! ಹುಟ್ಟುವಾಗಲೇ ಕಣ್ಣು ಬಿಟ್ಟು, ಮೈತುಂಬ ಕೂದಲಿದ್ದು, ಕೆಲವೇ ಗಂಟೆಗಳಲ್ಲಿ ಓಡಾಡುತ್ತವೆ. ನೋಡಲು ಚೆಂದವೇ, ಆದರೆ ಸಾಕುವವರನ್ನು ಹುಡುಕಿ ಸಾಕಾಯಿತು. ನನ್ನ ಅಭಿಪ್ರಾಯ ಬೇಡ ಎಂದೇ. ಮಕ್ಕಳ ಉತ್ಸಾಹ ಒಂದು ಬೇಸಿಗೆ ರಜೆಗೆ ಮುಗಿಯುತ್ತದೆ, ಇವು ಐದರಿಂದ ಎಂಟು ವರ್ಷ ಬದುಕುತ್ತವೆ.

ಪಶುವೈದ್ಯೆ
ಮೇಷ್ಟ್ರು ಹೇಳಿದ್ದು ಅನೇಕ ಮನೆಗಳ ಕಥೆ. ತಂದ ದಿನವೇ ವೈದ್ಯರಿಂದ ಲಿಂಗ ಪರೀಕ್ಷೆ ಮಾಡಿಸಿಬಿಡಿ. ಗಂಡು ಮರಿಗಳು ಮೂರು ವಾರಕ್ಕೇ ಮರಿ ಹುಟ್ಟಿಸುವಷ್ಟು ಬೆಳೆದಿರಬಹುದು.

ಆದರೆ ಹೆಚ್ಚು ಪ್ರಾಣ ಹೋಗುವುದನ್ನು ನಾನು ಕಾಣುವುದು ಆಹಾರದ ತಪ್ಪಿನಿಂದ. ಇವುಗಳ ಹಲ್ಲು ಬದುಕಿರುವವರೆಗೂ ಬೆಳೆಯುತ್ತವೆ. ಒಣಹುಲ್ಲನ್ನು ಹಗಲೂ ರಾತ್ರಿ ಅರೆಯುತ್ತಿದ್ದರೆ ಮಾತ್ರ ಸವೆಯುತ್ತವೆ. ಆದ್ದರಿಂದ ಹುಲ್ಲೇ ಊಟ, ಉಳಿದದ್ದೆಲ್ಲ ಪಲ್ಯದಷ್ಟು. ನಮ್ಮಂತೆಯೇ ಇವುಗಳ ದೇಹವೂ ಸಿ ಜೀವಸತ್ವ ತಯಾರಿಸಿಕೊಳ್ಳಲಾರದು. ಅದು ದಿನವೂ ತಿನ್ನುವುದರಲ್ಲೇ ಸಿಗಬೇಕು. ನೀರಿಗೆ ಬೆರೆಸುವ ಹನಿಗಳನ್ನು ನೆಚ್ಚಬೇಡಿ, ಸತ್ವ ಬೇಗ ಕುಂದುತ್ತದೆ. ದಪ್ಪ ಮೆಣಸಿನಕಾಯಿಯ ಹೋಳು ಒಳ್ಳೆಯದು. ಮನೆಯಲ್ಲಿರುವ ಪೆನಿಸಿಲಿನ್ ಮಾತ್ರೆಯನ್ನಂತೂ ಎಂದೂ ಕೊಡಬೇಡಿ, ಕರುಳು ಕೆಟ್ಟು ಸಾಯುತ್ತವೆ.

ಹುಲ್ಲಿನ ಕಂತೆ
ಡಾಕ್ಟರ್ ಮೇಡಂ ಮಾತಿಗೆ ನನ್ನದೊಂದು ಅನುಭವ. ಪ್ರತಿ ಭಾನುವಾರ ಅಡುಗೆಮನೆಯ ತಕ್ಕಡಿಯ ಮೇಲೆ ಬಟ್ಟಲಿಟ್ಟು ಎರಡನ್ನೂ ತೂಗುತ್ತೇನೆ. ಒಂದು ವಾರ 960 ಗ್ರಾಂ ಇದ್ದದ್ದು ಮರುವಾರ 890. ನೋಡಿದರೆ ಲವಲವಿಕೆಯಿಂದಲೇ ಇತ್ತು. ಸೌತೆಕಾಯಿ ಹಿಡಿದರೆ ಓಡಿ ಬಂದಿತು, ಮೂಸಿತು, ಬಾಯಿಗೆ ತೆಗೆದುಕೊಂಡಿತು, ಅಗಿಯಲಾಗದೆ ಕೆಳಗೆ ಬಿಟ್ಟಿತು. ದವಡೆ ಹಲ್ಲುಗಳು ಬೆಳೆದು ನಾಲಿಗೆಯ ಮೇಲೆ ಕಮಾನಿನಂತೆ ಬಾಗಿದ್ದವು. ತಕ್ಕಡಿ ಇಲ್ಲದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ನೋವಿದ್ದರೂ ತೋರಿಸಿಕೊಳ್ಳದ ಪ್ರಾಣಿ ಅದು. ಇದನ್ನು ಒಂಬತ್ತು ವರ್ಷದ ಮಗು ಕಂಡುಹಿಡಿಯಲಿ ಎಂದು ಬಯಸುವುದು ನ್ಯಾಯವಲ್ಲ, ಅಕ್ಕಾ.

ಸಂಜೆಯ ಶಿಳ್ಳೆ
ಎಲ್ಲರೂ ಹೆದರಿಸುತ್ತಿದ್ದೀರಿ. ಫ್ರಿಜ್ ತೆರೆದ ಸದ್ದಿಗೆ ಎರಡೂ ಗಂಟಲೆತ್ತಿ ಶಿಳ್ಳೆ ಹೊಡೆಯುವುದನ್ನು, ಖುಷಿಯಾದಾಗ ನಿಂತಲ್ಲೇ ಹುರಿಗಾಳಿನಂತೆ ಚಿಮ್ಮುವುದನ್ನು ಕಂಡವರು ಬೇಡ ಎನ್ನುವುದಿಲ್ಲ. ಯಾರೊಂದಿಗೂ ಮಾತಾಡದ ನನ್ನ ಮಗ ಅವುಗಳ ಮುಂದೆ ನೆಲದ ಮೇಲೆ ಮಲಗಿ ಶಾಲೆಯ ವರದಿ ಒಪ್ಪಿಸುತ್ತಾನೆ. ನಮ್ಮಲ್ಲಿ ಒಂದೇ ಕಟ್ಟಳೆ: ಮಕ್ಕಳು ನೆಲದ ಮೇಲೆ ಕುಳಿತೇ ಎತ್ತಿಕೊಳ್ಳಬೇಕು, ಒಂದು ಕೈ ಎದೆಯಡಿ, ಇನ್ನೊಂದು ಹಿಂಭಾಗದಡಿ. ಕೈ ಜಾರಿ ಬಿದ್ದರೆ ಬೆನ್ನುಮೂಳೆ ಉಳಿಯದು. ಉಳಿದ ಚಾಕರಿ ನನ್ನದು, ನಾನು ಇಷ್ಟಪಟ್ಟು ಮಾಡುತ್ತೇನೆ.

ನಿವೃತ್ತ ಮೇಷ್ಟ್ರು
ನೀವು ಇಷ್ಟಪಟ್ಟು ಮಾಡುತ್ತೀರಿ, ಅಲ್ಲೇ ಇರುವುದು ವಿಷಯ. ನಮ್ಮ ಮನೆಯಲ್ಲಿ ಹಾಗೆ ಯಾರೂ ಇರಲಿಲ್ಲ.

ಇಬ್ಬರು ಮಕ್ಕಳ ಅಮ್ಮ
ಮೇಷ್ಟ್ರೇ, ನಿಮ್ಮ ಮಾತು ನಾಟಿತು. ಮಕ್ಕಳು ಬಯಸುತ್ತಾರೆಯೇ ಎಂದಷ್ಟೇ ಯೋಚಿಸಿದ್ದೆ, ನಾನು ಬಯಸುತ್ತೇನೆಯೇ ಎಂದು ಕೇಳಿಕೊಂಡಿರಲಿಲ್ಲ. ಈಗಲೇ ಹೌದೆನ್ನಲಾರೆ. ನಮ್ಮ ಯಜಮಾನರಿಗೆ ಬೇರೆ ಧೂಳು ತಾಕಿದರೆ ಸೀನು. ಒಂದು ಕಟ್ಟು ಒಣಹುಲ್ಲು ತಂದು ವಾರ ಮನೆಯಲ್ಲಿಟ್ಟು ನೋಡಿದರೆ ಸಾಕೇ?

ಪಶುವೈದ್ಯೆ
ಹುಲ್ಲಿನಿಂದ ಅರ್ಧ ಉತ್ತರ ಸಿಗುತ್ತದೆ. ಇವುಗಳ ಜೊಲ್ಲು, ಮೂತ್ರದಿಂದಲೂ ಅಲರ್ಜಿ ಬರಬಹುದು. ಸಾಕಿರುವ ಯಾರಾದರೂ ಒಪ್ಪಿದರೆ, ಗೂಡು ಗುಡಿಸುವ ಹೊತ್ತಿಗೆ ನೀವು ನಾಲ್ವರೂ ಎರಡು ಮೂರು ಸಲ ಹೋಗಿ ಕುಳಿತು ಬನ್ನಿ. ಪೊರಕೆ ನಿಮ್ಮ ಕೈಯಲ್ಲಿರಲಿ.