ಓದುಗರ ಸ್ಪಂದನ: ಪಾಳಣಾಘರದ ಫೀಗೆ ಸರಕಾರದ ಆಸರೆ ಎಲ್ಲಿದೆ?

ಚಿಂಚವಾಡದ ಓದುಗರೊಬ್ಬರು ಕೇಳಿದ್ದರು: "ಮಗುವಿಗೆ ಎರಡೂವರೆ ವರ್ಷ. ನಾವಿಬ್ಬರೂ ಖಾಸಗಿ ಕಂಪನಿಗಳಲ್ಲಿದ್ದೇವೆ. ಮಗುವನ್ನು ಹಗಲು ನೋಡಿಕೊಳ್ಳುವ ಪಾಳಣಾಘರಕ್ಕೆ (ಕ್ರೆಶ್) ತಿಂಗಳಿಗೆ 9,000 ರೂಪಾಯಿ ಹೋಗುತ್ತದೆ. ಆಫೀಸಿನಲ್ಲಿ ಕೇಳಿದರೆ, ಇಲ್ಲಿ ಹೆಂಗಸರು 18 ಮಂದಿಯಷ್ಟೇ, ಕ್ರೆಶ್ ನಮಗೆ ಅನ್ವಯಿಸುವುದಿಲ್ಲ ಎನ್ನುತ್ತಾರೆ. ಏನು ಮಾಡಲಿ?" ಬಂದ ಮೂರು ಉತ್ತರಗಳು ಇಲ್ಲಿವೆ.

ತಂಗೀ, ಖಾಸಗಿ ಪಾಳಣಾಘರದ ಫೀಯನ್ನು ತಂದೆತಾಯಿಯ ಖಾತೆಗೆ ತುಂಬುವ ಕೇಂದ್ರದ ಯೋಜನೆ ಇಲ್ಲ. ಆದರೆ ಆಫೀಸಿನವರು ಕೊಟ್ಟ ಕಾರಣ ತಪ್ಪು. ಹೆಂಗಸರ ತಲೆ ಎಣಿಸುವುದು ಹಳೆಯ ಕಾರ್ಖಾನೆ ಕಾಯ್ದೆಯ ರೂಢಿ. ಅಲ್ಲಿ 30ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿರಬೇಕಿತ್ತು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದ ಮೇಲೆ ಗಂಡಸರು, ಹೆಂಗಸರು ಸೇರಿ 50 ನೌಕರರಿದ್ದರೆ ಕ್ರೆಶ್ ಕಡ್ಡಾಯ. ಅದೇ ಮಾತು ಈಗ ಸಾಮಾಜಿಕ ಭದ್ರತಾ ಸಂಹಿತೆಯ 67ನೇ ಕಲಮಿನಲ್ಲಿದೆ. ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರುವ ಹಕ್ಕೂ ತಾಯಿಗಿದೆ.

ಬಾಯಿಮಾತಿನಲ್ಲಿ ಕೇಳಬೇಡಿ. ಇಮೇಲ್ ಕಳಿಸಿ, ಅದರ ಪ್ರಿಂಟ್ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಇನ್‌ವರ್ಡ್ ಸಿಕ್ಕಾ (ಸ್ವೀಕರಿಸಿದ ಮುದ್ರೆ) ಹಾಕಿಸಿಕೊಳ್ಳಿ. ಮಗುವಿನ ಹುಟ್ಟಿದ ದಿನ, ಕಲಮಿನ ಸಂಖ್ಯೆ, ಈಗಿನ ಪಾಳಣಾಘರದ ಹೆಸರು ಅದರಲ್ಲಿರಲಿ. ಒಂದು ಎಚ್ಚರ: "ನನ್ನ ಫೀ ತುಂಬಿ" ಎಂದು ಬರೆದರೆ, ಹಾಗೆಂದು ಕಾನೂನಿನಲ್ಲೆಲ್ಲಿದೆ ಎಂದು ಕೇಳಿ ಕೈತೊಳೆದುಕೊಳ್ಳುತ್ತಾರೆ. "ಕ್ರೆಶ್ ಸೌಲಭ್ಯ ಒದಗಿಸಿ, ಇಲ್ಲೇ ಮಾಡಲಾಗದಿದ್ದರೆ ಈ ಪಾಳಣಾಘರದ ಜೊತೆ ಒಪ್ಪಂದ ಮಾಡಿಕೊಳ್ಳಿ" ಎಂದು ಬರೆಯಿರಿ. ಖಾಸಗಿಯವರ ಅಥವಾ ಪಾಲಿಕೆಯ ಕ್ರೆಶ್ ಬಳಸಿಕೊಳ್ಳಲು, ನಾಲ್ಕು ಕಂಪನಿ ಸೇರಿ ಒಂದನ್ನು ನಡೆಸಲು ಸಂಹಿತೆಯೇ ಅವಕಾಶ ಕೊಟ್ಟಿದೆ. ಉತ್ತರ ಬಾರದಿದ್ದರೆ ಸಿಕ್ಕಾ ಇರುವ ಪ್ರತಿಯೊಂದಿಗೆ ಕಾರ್ಮಿಕ ಆಯುಕ್ತರ ಕಚೇರಿಗೆ ದೂರು ಕೊಡಿ. ನಿಮ್ಮ ಯಜಮಾನರ ಕಂಪನಿಯಲ್ಲೂ ವಿಚಾರಿಸಿ.
(ಕಾರ್ಮಿಕ ಕಾನೂನು ಸಲಹೆಗಾರರು, ಪಿಂಪ್ರಿ)

ಅಂಗಣವಾಡಿಯಲ್ಲೇ ಪಾಳಣಾಘರ ನಡೆಸುವ 'ಪಾಲನಾ' ಎಂಬ ಯೋಜನೆ 2022ರಿಂದ ಕೇಂದ್ರದ ಮಿಷನ್ ಶಕ್ತಿಯಡಿ ಇದೆ. 6 ತಿಂಗಳಿಂದ 6 ವರ್ಷದ ಮಕ್ಕಳಿಗೆ. ತಾಯಿ ಎಲ್ಲಿ ದುಡಿಯುತ್ತಾಳೆಂಬುದು ಅಡ್ಡಬರುವುದಿಲ್ಲ. ಎಲ್ಲ ಅಂಗಣವಾಡಿಗಳಲ್ಲಿ ಇಲ್ಲವಾದ್ದರಿಂದ, ಹತ್ತಿರದ ಅಂಗಣವಾಡಿ ಸೇವಿಕೆಯನ್ನು "ಪಾಳಣಾ ಅಸಲೇಲೀ ಅಂಗಣವಾಡೀ ಕುಠೇ ಆಹೇ?" (ಪಾಳಣಾ ಇರುವ ಅಂಗಣವಾಡಿ ಎಲ್ಲಿದೆ?) ಎಂದೇ ಮರಾಠಿಯಲ್ಲಿ ಕೇಳಿ. ಬರೀ ಅಂಗಣವಾಡಿ ಎಂದರೆ ಮಧ್ಯಾಹ್ನಕ್ಕೆ ಮುಗಿಯುವುದನ್ನು ತೋರಿಸಿಬಿಡುತ್ತಾರೆ. ಜನನ ಪ್ರಮಾಣಪತ್ರ, ಲಸಿಕೆ ಕಾರ್ಡ್, ಆಧಾರ್ ಜೊತೆಗಿರಲಿ. ತೊಡಕು ವೇಳೆಯದು: ಪಾಲನಾ ದಿನಕ್ಕೆ ಏಳೂವರೆ ತಾಸು. ಒಂಬತ್ತು ತಾಸಿನ ಡ್ಯೂಟಿ, ಮೇಲೆ ದಾರಿಯ ಟ್ರಾಫಿಕ್ ಸೇರಿದರೆ ಸಂಜೆ ಎರಡು ಮೂರು ತಾಸು ಮಗುವನ್ನು ನೋಡಿಕೊಳ್ಳಲು ಬೇರೆ ಯಾರಾದರೂ ಬೇಕು. ಪೂರಾ ಫೀ ಉಳಿಯದು, ಆದರೆ ದೊಡ್ಡ ಭಾಗ ಉಳಿಯುತ್ತದೆ.
(ಓದುಗರು, ಚೆಂಬೂರು)

ತೆರಿಗೆಯದೂ ನೋಡಿ. ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ ಆದಾಯ ತೆರಿಗೆ ಕಾಯ್ದೆಯ 80ಸಿ ಅಡಿ (2026ರ ಏಪ್ರಿಲ್‌ನಿಂದ ಹೊಸ ಕಾಯ್ದೆಯ 123ನೇ ಕಲಮಿನಡಿ) ಬೋಧನಾ ಶುಲ್ಕವನ್ನು ಆದಾಯದಿಂದ ಕಳೆಯಬಹುದು. ಭವಿಷ್ಯ ನಿಧಿ, ವಿಮೆ ಎಲ್ಲ ಸೇರಿ 1.5 ಲಕ್ಷದ ಮಿತಿ. ಪ್ಲೇಸ್ಕೂಲ್, ನರ್ಸರಿ ಇದರಲ್ಲಿ ಬರುತ್ತವೆ. ಮಗುವನ್ನು ನೋಡಿಕೊಳ್ಳುವ ಫೀ, ಊಟ, ವ್ಯಾನು ಬರುವುದಿಲ್ಲ. ನಿಮ್ಮ ಪಾಳಣಾಘರ ಪ್ಲೇಸ್ಕೂಲನ್ನೂ ನಡೆಸುತ್ತಿದ್ದರೆ, ಒಟ್ಟು 9,000 ಎಂದು ಒಂದೇ ಸಾಲಿನ ರಸೀತಿ ಬೇಡ. ಬೋಧನೆಗೆಷ್ಟು, ಪಾಲನೆಗೆಷ್ಟು ಎಂದು ಬೇರೆಬೇರೆ ಬರೆಸಿ, ತೆರಿಗೆ ಕಟ್ಟುವವರ ಖಾತೆಯಿಂದಲೇ ಹಣ ಕಳಿಸಿ. ಏಪ್ರಿಲ್ ತಿಂಗಳಿಂದಲೇ ಹೀಗೆ ಮಾಡಿ; ಮಾರ್ಚಿನಲ್ಲಿ ಹಿಂದಿನ ತಾರೀಖಿನ ರಸೀತಿ ಬರೆಸಲು ಹೋಗಬೇಡಿ.
(ತೆರಿಗೆ ಸಲಹೆಗಾರರು, ಮುಲುಂಡ್)