180 ಅರ್ಜಿ ಹಾಕಿದೆ, 3 ಕರೆ ಬಂತು: ಡಿಜಿಟಲ್ ಮಾರ್ಕೆಟಿಂಗ್ ಕೆಲಸ ಹುಡುಕುವುದರಲ್ಲಿ ಎಲ್ಲಿ ಎಡವುತ್ತಿದ್ದೇನೆ?

ಬೆಣ್ಣೆದೋಸೆ_577 ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಊರು ದಾವಣಗೆರೆ. 2022ರಲ್ಲಿ ಬಿ.ಕಾಂ. ಮುಗಿಸಿದೆ. ಆಮೇಲೆ ಪಿ.ಬಿ. ರಸ್ತೆಯಲ್ಲಿರುವ ಅಪ್ಪನ ಟೈಲ್ಸ್ ಅಂಗಡಿಯಲ್ಲಿ ಕೂತೆ. ಬಿಲ್ ಬರೆಯುವುದು, ಗುಜರಾತಿನ ಮೋರ್ಬಿಯಿಂದ ಲೋಡ್ ಬಂದರೆ ಬಾಕ್ಸ್ ಎಣಿಸುವುದು, ಒಡೆದದ್ದನ್ನು ಬೇರೆ ಇಡುವುದು. ಕಳೆದ ವರ್ಷ 35,000 ರೂಪಾಯಿ ಕಟ್ಟಿ ಮೂರು ತಿಂಗಳ ಡಿಜಿಟಲ್ ಮಾರ್ಕೆಟಿಂಗ್ ಕೋರ್ಸ್ ಮಾಡಿದೆ. ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಂದಿದ್ದರು. ನೋಡಿದರೆ ಅದು ಒಂದು ವಾಟ್ಸ್ಆ್ಯಪ್ ಗ್ರೂಪ್. ದಿನಾ ನಾಲ್ಕು ಲಿಂಕ್ ಹಾಕುತ್ತಾರೆ, ಅಷ್ಟೇ.

ನಾಲ್ಕು ತಿಂಗಳಿಂದ ಮೂರು ಜಾಬ್ ಸೈಟ್‌ಗಳಲ್ಲಿ ಅರ್ಜಿ ಹಾಕುತ್ತಿದ್ದೇನೆ. ಒಟ್ಟು 180. ಎಕ್ಸೆಲ್‌ನಲ್ಲಿ ಬರೆದಿಟ್ಟಿದ್ದೇನೆ, ಸುಮ್ನೆ ಅಂದಾಜಿಗೆ ಹೇಳುತ್ತಿಲ್ಲ. ಬಂದ ಕರೆ ಮೂರೇ ಮೂರು. ಒಂದು, ಹೆಸರಿಗೆ ‘ಡಿಜಿಟಲ್ ಮಾರ್ಕೆಟಿಂಗ್ ಎಕ್ಸಿಕ್ಯುಟಿವ್’, ಒಳಗೆ ನೋಡಿದರೆ ಫೋನ್ ಮಾಡಿ ವಿಮೆ ಮಾರುವ ಕೆಲಸ. ಇನ್ನೊಬ್ಬರು ರಿಜಿಸ್ಟ್ರೇಷನ್‌ಗೆ 2,499 ಕೇಳಿದರು. ಮೂರನೆಯದು ಬೆಂಗಳೂರಿನ ನಿಜವಾದ ಏಜೆನ್ಸಿ. ‘ಯಾವ ಆ್ಯಡ್ ಕ್ಯಾಂಪೇನ್ ರನ್ ಮಾಡಿದ್ದೀರಿ?’ ಅಂದರು. ‘ಕೋರ್ಸ್‌ನಲ್ಲಿ ಡೆಮೊ ತೋರಿಸಿದ್ದಾರೆ ಮೇಡಂ’ ಅಂದೆ. ‘ಓಕೆ, ತಿಳಿಸ್ತೀವಿ’ ಅಂದರು. ಇನ್ನೂ ತಿಳಿಸುತ್ತಲೇ ಇದ್ದಾರೆ.

ನನ್ನ ಪ್ರೊಫೈಲ್ ಹೆಡ್‌ಲೈನ್: ‘ಬಿ.ಕಾಂ. ಫ್ರೆಶರ್, ಪ್ರತಿಷ್ಠಿತ ಕಂಪನಿಯಲ್ಲಿ ಸವಾಲಿನ ಹುದ್ದೆ ಹುಡುಕುತ್ತಿದ್ದೇನೆ’ (ಸೈಟ್‌ನಲ್ಲಿ ಇಂಗ್ಲಿಷಿನಲ್ಲಿದೆ). ಸ್ಕಿಲ್ಸ್: ಎಸ್‌ಇಒ (ಗೂಗಲ್ ಹುಡುಕಾಟದಲ್ಲಿ ಸೈಟ್ ಮೇಲೆ ಬರುವ ಹಾಗೆ ಮಾಡುವುದು), ಎಸ್‌ಎಂಎಂ (ಸೋಶಿಯಲ್ ಮೀಡಿಯಾ ಮಾರ್ಕೆಟಿಂಗ್), ಗೂಗಲ್ ಆ್ಯಡ್‌ವರ್ಡ್ಸ್, ಗೂಗಲ್ ಮೈ ಬಿಸಿನೆಸ್, ಎಂಎಸ್ ಆಫೀಸ್, ಟೀಮ್ ವರ್ಕ್.

ಬೆಂಗಳೂರಿಗೆ ಬಂದು ಪಿಜಿ ಹಿಡಿದು ಹುಡುಕಬೇಕಾ? ಇನ್ನೊಂದು ಕೋರ್ಸ್ ಮಾಡಬೇಕಾ? ಪರಿಚಯದವರೊಬ್ಬರು 15,000 ಕೊಟ್ಟರೆ ಒಂದು ವರ್ಷದ ಎಕ್ಸ್‌ಪೀರಿಯೆನ್ಸ್ ಲೆಟರ್ ಕೊಡಿಸುತ್ತೇನೆ ಅಂತಾರೆ. ಎಲ್ಲರೂ ಹಾಗೇ ಮಾಡುವುದಂತೆ. ನಿಜ ಹೇಳಿ.

ಹುಷಾರಪ್ಪ:

ಮೊದಲು ಕೊನೆಯ ಪ್ರಶ್ನೆಗೆ ಉತ್ತರ. ಬೇಡ. ಕೆಲಸಕ್ಕೆ ತೆಗೆದುಕೊಂಡ ಮೇಲೆ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಮಾಡುತ್ತಾರೆ. ಪಿಎಫ್‌ನ ಯುಎಎನ್ ನಂಬರ್ (ಕೆಲಸ ಬದಲಿಸಿದರೂ ಬದಲಾಗದ ನಂಬರ್) ಹಾಕಿ ಹಿಂದೆ ಎಲ್ಲೆಲ್ಲಿ ದುಡಿದಿದ್ದೀರಿ ಅಂತ ನೋಡುವ ಕಂಪನಿಗಳಿವೆ. ಲೆಟರ್ ಇದೆ, ಪಿಎಫ್ ಇಲ್ಲ, ಸಂಬಳ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್ ಇಲ್ಲ ಅಂದರೆ ಅವರಿಗೆ ಅರ್ಥವಾಗಲು ಐದು ನಿಮಿಷ ಸಾಕು. ನನ್ನ ಜೊತೆ ಸೇರಿದ್ದ ಹುಡುಗನೊಬ್ಬ ಇಪ್ಪತ್ತನೇ ದಿನಕ್ಕೆ ಐಡಿ ಕಾರ್ಡ್ ವಾಪಸ್ ಕೊಟ್ಟು ಹೋದ.

ಆ 2,499 ಕೊಟ್ಟಿಲ್ಲ ತಾನೇ? ಕೆಲಸ ಕೊಡುವವರು ದುಡ್ಡು ಕೇಳುವುದಿಲ್ಲ. ಇನ್ನೊಂದು ವಿಷಯ. ಜಾಬ್ ಸೈಟ್‌ನಲ್ಲಿ ನಂಬರ್ ಹಾಕಿದವರಿಗೆ ಟೆಲಿಗ್ರಾಂನಲ್ಲಿ ‘ಪಾರ್ಟ್ ಟೈಮ್ ಡಿಜಿಟಲ್ ಮಾರ್ಕೆಟಿಂಗ್’ ಅಂತ ಮೆಸೇಜ್ ಬರುತ್ತದೆ. ಯೂಟ್ಯೂಬ್ ವಿಡಿಯೊಗೆ ಲೈಕ್ ಒತ್ತಿ, ಹೋಟೆಲ್‌ಗೆ ರಿವ್ಯೂ ಬರೆಯಿರಿ ಅಂತಾರೆ. ಮೊದಲು 150 ರೂಪಾಯಿ ನಿಜವಾಗಿಯೂ ಹಾಕುತ್ತಾರೆ. ಅದು ಗಾಳಕ್ಕೆ ಸಿಕ್ಕಿಸಿದ ಎರೆಹುಳ. ಆಮೇಲೆ ‘ಪ್ರಿಪೇಯ್ಡ್ ಟಾಸ್ಕ್’ ಶುರು, ಅಂದರೆ ಮೊದಲು ನೀವೇ ದುಡ್ಡು ಹಾಕಬೇಕು. ಯಾರಾದರೂ ದುಡ್ಡು ಕಳೆದುಕೊಂಡಿದ್ದರೆ ನಾಚಿಕೆ ಪಡುತ್ತಾ ಕೂರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಆ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಶಿರಸಿ_ಟು_ಎಚ್‌ಎಸ್‌ಆರ್:

ಸ್ವಲ್ಪ ಉದ್ದ ಬರೆಯುತ್ತೇನೆ. ನಿಮ್ಮ ಪೋಸ್ಟ್ ಓದಿ 2018ರ ನಾನು ನೆನಪಾದೆ. ಶಿರಸಿಯಿಂದ ಬಂದು ಬೆಂಗಳೂರಿನ ಬಿಟಿಎಂ ಪಿಜಿಯಲ್ಲಿ ಮೂವರ ರೂಮಿನಲ್ಲಿದ್ದೆ. ಮೊದಲ ಸಂಬಳ 14,000. ಈಗ ಪರ್ಫಾರ್ಮೆನ್ಸ್ ಮಾರ್ಕೆಟಿಂಗ್ (ಫಲಿತಾಂಶ ಅಳೆದು ನಡೆಸುವ ಆನ್‌ಲೈನ್ ಜಾಹೀರಾತು) ಮಾಡುತ್ತೇನೆ. ನಮ್ಮ ಟೀಮ್‌ಗೆ ಫ್ರೆಶರ್‌ಗಳನ್ನು ಆರಿಸುವಾಗ ಇಂಟರ್‌ವ್ಯೂನಲ್ಲಿ ನಾನೂ ಕೂರುತ್ತೇನೆ.

ನೀವು 180 ಅರ್ಜಿ ಅಂತ ಲೆಕ್ಕ ಇಟ್ಟಿದ್ದೀರಿ. ಒಳ್ಳೆಯದೇ. ಆದರೆ ಲೆಕ್ಕ ಹಾಕಬೇಕಾದ್ದು ಅದನ್ನಲ್ಲ. ನೌಕ್ರಿ ಜಾಬ್ ಸೈಟ್‌ನಲ್ಲಿ ನಿಮ್ಮ ಪ್ರೊಫೈಲ್ ಇದ್ದರೆ ‘ಸರ್ಚ್ ಅಪಿಯರೆನ್ಸಸ್’, ‘ರಿಕ್ರೂಟರ್ ಆ್ಯಕ್ಷನ್ಸ್’ ಅಂತ ಎರಡು ನಂಬರ್ ಕಾಣುತ್ತದೆ. ಎಚ್ಆರ್‌ನವರು ಹುಡುಕಿದಾಗ ನೀವು ಎಷ್ಟು ಸಲ ಕಂಡಿರಿ ಅನ್ನುವುದು ಮೊದಲನೆಯದು. ಕಂಡ ಮೇಲೆ ಎಷ್ಟು ಜನ ಏನಾದರೂ ಮಾಡಿದರು ಅನ್ನುವುದು ಎರಡನೆಯದು. ಇದನ್ನು ಎಲ್ಲೋ ನೋಡಿದ ಹಾಗಿಲ್ಲವೇ? ಗೂಗಲ್ ಸರ್ಚ್ ಕನ್ಸೋಲ್‌ನ ಇಂಪ್ರೆಷನ್ (ಸೈಟ್ ಎಷ್ಟು ಸಲ ಕಂಡಿತು), ಕ್ಲಿಕ್ ಅಷ್ಟೇ ಇದು. ಕಾಣಿಸಿಕೊಳ್ಳುವುದೇ ಕಡಿಮೆ ಇದ್ದರೆ ತೊಂದರೆ ಕೀವರ್ಡ್‌ನದ್ದು, ಅಂದರೆ ಅವರು ಹುಡುಕುವ ಪದ ನಿಮ್ಮಲ್ಲಿಲ್ಲ. ಕಾಣಿಸುತ್ತಿದ್ದೀರಿ, ಯಾರೂ ಮುಟ್ಟುತ್ತಿಲ್ಲ ಅಂದರೆ ಹೆಡ್‌ಲೈನ್‌ದು. ತೆರೆದು ನೋಡಿ ಕರೆ ಮಾಡುತ್ತಿಲ್ಲ ಅಂದರೆ ರೆಸ್ಯೂಮೆಯದು. ಯಾವ ಹಂತದಲ್ಲಿ ಸೋರುತ್ತಿದೆ ಅಂತ ನೋಡದೆ 181ನೇ ಅರ್ಜಿ ಹಾಕಬೇಡಿ.

ನೋಡದೆಯೇ ಹೇಳಬಲ್ಲೆ, ನಿಮ್ಮದು ಮೊದಲ ಹಂತದಲ್ಲೇ ಸೋರುತ್ತಿದೆ. ನೀವು ‘ಆ್ಯಡ್‌ವರ್ಡ್ಸ್’ ಅಂತ ಬರೆದಿದ್ದೀರಿ. ಆ ಹೆಸರು 2018ರಲ್ಲೇ ಹೋಯಿತು, ಈಗ ಗೂಗಲ್ ಆ್ಯಡ್ಸ್. ಮೈ ಬಿಸಿನೆಸ್ 2021ರಲ್ಲಿ ಬಿಸಿನೆಸ್ ಪ್ರೊಫೈಲ್ ಆಯಿತು. ಸೈಟ್‌ಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ ಬಗ್ಗೆ ಒಂದಕ್ಷರವೂ ಇಲ್ಲ. ಹಳೆಯ ಯೂನಿವರ್ಸಲ್ ಅನಲಿಟಿಕ್ಸ್ 2023ರ ಜುಲೈ 1ಕ್ಕೆ ನಿಂತಿತು, ಈಗ ಎಲ್ಲರೂ ಹುಡುಕುವುದು ಅದರ ಹೊಸ ರೂಪ ಜಿಎ4. ನಿಮ್ಮ 35,000ಕ್ಕೆ ಹಳೆಯ ಪಾಠವನ್ನೇ ಬಡಿಸಿದ್ದಾರೆ, ಬೇಜಾರಾಗಬೇಡಿ. ಎಚ್ಆರ್ ಹುಡುಗಿ ‘ಗೂಗಲ್ ಆ್ಯಡ್ಸ್, ಜಿಎ4’ ಅಂತ ಟೈಪ್ ಮಾಡಿದಾಗ ನೀವು ಎಲ್ಲಿಂದ ಸಿಗುತ್ತೀರಿ? ‘ಟೀಮ್ ವರ್ಕ್’ ಅಂತ ಯಾರೂ ಹುಡುಕುವುದಿಲ್ಲ. ‘ಸವಾಲಿನ ಹುದ್ದೆ’ ಅಂತಂತೂ ಇಲ್ಲವೇ ಇಲ್ಲ.

ಇನ್ನೊಂದು ಕೋರ್ಸ್‌ಗೆ ದುಡ್ಡು ಸುರಿಯಬೇಡಿ. ಗೂಗಲ್‌ನ ಸ್ಕಿಲ್‌ಶಾಪ್‌ನಲ್ಲಿ ಆ್ಯಡ್ಸ್ ಸರ್ಚ್ ಪರೀಕ್ಷೆ ಉಚಿತ. 80% ಬಂದರೆ ಪಾಸ್, ಸರ್ಟಿಫಿಕೇಟ್ ಒಂದು ವರ್ಷ ನಡೆಯುತ್ತದೆ. ಹಬ್‌ಸ್ಪಾಟ್ ಅಕಾಡೆಮಿಯಲ್ಲೂ ಉಚಿತ ಕೋರ್ಸ್‌ಗಳಿವೆ. ಒಂದು ವಾರ ಕೂತರೆ ಆಯಿತು. ಆದರೆ ಇದು ಬಾಗಿಲು ತಟ್ಟಲಿಕ್ಕೆ ಮಾತ್ರ. ಸರ್ಟಿಫಿಕೇಟ್ ನೋಡಿ ನಾನು ಯಾರನ್ನೂ ತೆಗೆದುಕೊಂಡಿಲ್ಲ.

ಈಗ ಮುಖ್ಯ ವಿಷಯ. ನಿಮ್ಮ ಹತ್ತಿರ ಟೈಲ್ಸ್ ಅಂಗಡಿ ಇದೆ ಮಾರಾಯ್ರೇ! ನನಗೆ ಅದೂ ಇರಲಿಲ್ಲ. ಚಿಕ್ಕಮ್ಮನ ಹೋಮ್‌ಸ್ಟೇಗೆ ಮೊದಲ ಆ್ಯಡ್ ಹಾಕಲು ಅವರ ಕಾಲು ಹಿಡಿಯಬೇಕಾಯಿತು. ನೀವು ಅಪ್ಪನನ್ನು ಕೇಳಿ ದಿನಕ್ಕೆ 250ರಂತೆ ಹತ್ತು ದಿನಕ್ಕೆ 2,500 ಇಡಿ. ಅದರ ಮೇಲೆ 18% ಜಿಎಸ್‌ಟಿ ಬೀಳುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಗೂಗಲ್ ಶುರುವಿಗೆ ಸುಲಭದ ದಾರಿಗೆ ತಳ್ಳಲು ನೋಡುತ್ತದೆ. ಅದನ್ನು ಬಿಟ್ಟು ಸೆಟ್ಟಿಂಗ್ ನೀವೇ ಆರಿಸಿ ಸರ್ಚ್ ಕ್ಯಾಂಪೇನ್ (ಗೂಗಲ್‌ನಲ್ಲಿ ಹುಡುಕಿದವರಿಗೆ ಕಾಣುವ ಆ್ಯಡ್) ಮಾಡಿ. ಡಿಸ್‌ಪ್ಲೇ ನೆಟ್‌ವರ್ಕ್ (ಬೇರೆ ಸೈಟ್‌ಗಳಲ್ಲಿ ಆ್ಯಡ್ ತೋರಿಸುವುದು) ಅಂತ ಟಿಕ್ ಇದ್ದರೆ ತೆಗೆಯಿರಿ. ಲೊಕೇಶನ್‌ನಲ್ಲಿ ದಾವಣಗೆರೆ ಕೊಟ್ಟ ಮಾತ್ರಕ್ಕೆ ಮುಗಿಯಲಿಲ್ಲ. ಒಳಗೆ ‘ಪ್ರೆಸೆನ್ಸ್’ ಅಂತ ಬದಲಿಸದಿದ್ದರೆ ದಾವಣಗೆರೆ ಬಗ್ಗೆ ಆಸಕ್ತಿ ಇದೆ ಅಂತ ಗೂಗಲ್‌ಗೆ ಅನ್ನಿಸಿದ ದಿಲ್ಲಿಯವರಿಗೂ ಆ್ಯಡ್ ಹೋಗುತ್ತದೆ. ನನ್ನ ಮೊದಲ 600 ರೂಪಾಯಿ ಹೀಗೇ ನೀರಿಗೆ ಹೋಯಿತು.

ಮೂರನೇ ದಿನ ‘ಸರ್ಚ್ ಟರ್ಮ್ಸ್’ ರಿಪೋರ್ಟ್ ತೆರೆಯಿರಿ. ಜನ ನಿಜವಾಗಿ ಏನು ಟೈಪ್ ಮಾಡಿ ನಿಮ್ಮ ಆ್ಯಡ್ ಒತ್ತಿದರು ಅಂತ ಅದರಲ್ಲಿರುತ್ತದೆ. ಬೇಡದ್ದನ್ನು ನೆಗೆಟಿವ್ ಕೀವರ್ಡ್ ಮಾಡಿ, ಆ ಪದ ಹುಡುಕಿದವರಿಗೆ ಆ್ಯಡ್ ಕಾಣುವುದಿಲ್ಲ. ಮೊದಲೂ ಆಮೇಲೂ ಸ್ಕ್ರೀನ್‌ಶಾಟ್ ತೆಗೆದಿಡಿ. ಎಷ್ಟು ಕ್ಲಿಕ್, ಒಂದಕ್ಕೆ ಎಷ್ಟು ಬಿತ್ತು, ಅಂಗಡಿಗೆ ಎಷ್ಟು ಫೋನ್ ಬಂತು. ಎರಡು ಪುಟ, ಅಷ್ಟೇ. ಆ ಏಜೆನ್ಸಿಯವರು ಕೇಳಿದ ಪ್ರಶ್ನೆಗೆ ಉತ್ತರ ಅದು. ದೊಡ್ಡ ಬಜೆಟ್ ತೋರಿಸಿ ಅಂತ ಫ್ರೆಶರ್‌ಗೆ ಯಾರೂ ಹೇಳುವುದಿಲ್ಲ. ದುಡ್ಡು ಎಲ್ಲಿ ಪೋಲಾಯಿತು, ಹೇಗೆ ನಿಲ್ಲಿಸಿದಿರಿ ಅಂತ ಹೇಳಿದರೆ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತೇನೆ.

ಪಿಜಿ ಆಮೇಲೆ ನೋಡೋಣ. ಫಸ್ಟ್ ರೌಂಡ್ ಬಹಳ ಕಡೆ ವಿಡಿಯೊ ಕಾಲ್‌ನಲ್ಲೇ ನಡೆಯುತ್ತದೆ.

ಎಚ್ಆರ್_ಕಡೆಯವಳು:

ಮೇಲಿನವರು ಹೇಳಿದ ‘ಎಚ್ಆರ್ ಹುಡುಗಿ’ ನಾನೇ ಅಂದುಕೊಳ್ಳಿ :)

ನನ್ನ ಕಡೆಯ ಸ್ಕ್ರೀನ್ ಹೇಗಿರುತ್ತದೆ ಅಂತ ಹೇಳುತ್ತೇನೆ. ಕೀವರ್ಡ್ ಹಾಕುತ್ತೇನೆ, ಊರು ಬೆಂಗಳೂರು ಅಂತ ಒತ್ತುತ್ತೇನೆ, ಇತ್ತೀಚೆಗೆ ಸೈಟ್‌ಗೆ ಬಂದವರನ್ನು ಮೇಲೆ ತರುತ್ತೇನೆ. ಮೂರು ತಿಂಗಳಿಂದ ಪ್ರೊಫೈಲ್ ಮುಟ್ಟದವರು ಎಲ್ಲೋ ಹತ್ತನೇ ಪುಟದಲ್ಲಿರುತ್ತಾರೆ. ಅಲ್ಲಿವರೆಗೆ ನಾನು ಹೋಗುವುದಿಲ್ಲ, ಸಂಜೆಯೊಳಗೆ ಎಂಟು ಹೆಸರು ಕೊಟ್ಟರೆ ನನ್ನ ಕೆಲಸ ಮುಗಿಯಿತು. ಆದ್ದರಿಂದ ವಾರಕ್ಕೆ ಎರಡು ಸಲ ಏನಾದರೂ ಒಂದು ಚಿಕ್ಕ ತಿದ್ದುಪಡಿ ಮಾಡಿ. ‘ಪ್ರಿಫರ್ಡ್ ಲೊಕೇಶನ್’ನಲ್ಲಿ ಬೆಂಗಳೂರು ಇರಲಿ. ನೋಟಿಸ್ ಪೀರಿಯಡ್ ಜಾಗದಲ್ಲಿ ತಕ್ಷಣ ಸೇರಬಲ್ಲೆ ಅಂತ ತಿಳಿಯುವ ಹಾಗೆ ತುಂಬಿ. ಸುಮಾರು ಜನ ಅದನ್ನು ಖಾಲಿ ಬಿಡುತ್ತಾರೆ.

ಲಿಂಕ್ಡ್‌ಇನ್‌ನಲ್ಲಿ ‘ಜಾಬ್ಸ್’ ಟ್ಯಾಬ್ ಒಂದನ್ನೇ ನೋಡಬೇಡಿ. ಸರ್ಚ್‌ನಲ್ಲಿ ಹೈರಿಂಗ್, ಪರ್ಫಾರ್ಮೆನ್ಸ್ ಮಾರ್ಕೆಟಿಂಗ್, ಬೆಂಗಳೂರು ಅಂತ ಹಾಕಿ ‘ಪೋಸ್ಟ್ಸ್’ ಒತ್ತಿ, ಹೊಸದು ಮೊದಲು ಬರುವ ಹಾಗೆ ಇಟ್ಟುಕೊಳ್ಳಿ. ಸಣ್ಣ ಏಜೆನ್ಸಿಯವರು ಜಾಹೀರಾತಿಗೆ ದುಡ್ಡು ಕೊಡದೆ ಸುಮ್ನೆ ಒಂದು ಪೋಸ್ಟ್ ಹಾಕಿರುತ್ತಾರೆ. ಹಾಕಿದ ದಿನವೇ ಬರೆದವರಿಗೆ ಉತ್ತರ ಸಿಗುತ್ತದೆ.

ವಿಮೆ ಮಾರುವ ಕೆಲಸದ ಬಗ್ಗೆ: ಜಾಹೀರಾತಿನಲ್ಲಿ ಟಾರ್ಗೆಟ್, ಇನ್ಸೆಂಟಿವ್, ಟೂ ವೀಲರ್ ಕಡ್ಡಾಯ ಅಂತ ಇದ್ದರೆ ಅದು ಸೇಲ್ಸ್. ಎಸ್‌ಇಒ ಮಾಡುವವನಿಗೆ ಬೈಕ್ ಯಾಕೆ ಬೇಕು ಹೇಳಿ?

ಆದರೆ ಶಿರಸಿಯವರ ಒಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಸರ್ಟಿಫಿಕೇಟ್ ಅವರಿಗೆ ಬೇಡದಿರಬಹುದು. ಇನ್ನೂರು ರೆಸ್ಯೂಮೆಯಲ್ಲಿ ಎಂಟು ಆರಿಸುವ ನನಗೆ ಅದು ಬೇಕು. ಅವರ ಟೇಬಲ್ ತಲುಪಬೇಕಾದರೆ ನನ್ನ ಟೇಬಲ್ ದಾಟಬೇಕಲ್ವಾ?

ಶಿರಸಿ_ಟು_ಎಚ್‌ಎಸ್‌ಆರ್:

ಅದು ಸರಿ. ಒಪ್ಪಿದೆ.

ಬೆಣ್ಣೆದೋಸೆ_577 (16 ದಿನಗಳ ನಂತರ):

ಎಲ್ಲರಿಗೂ ಥ್ಯಾಂಕ್ಸ್. ಏನಾಯಿತು ಅಂತ ಹೇಳಲೇಬೇಕು.

ಅವತ್ತೇ ನಂಬರ್ ನೋಡಿದೆ. ಸರ್ಚ್ ಅಪಿಯರೆನ್ಸ್ 6, ರಿಕ್ರೂಟರ್ ಆ್ಯಕ್ಷನ್ 0. ಮುಖಕ್ಕೆ ಹೊಡೆದ ಹಾಗಾಯಿತು. ಹೆಡ್‌ಲೈನ್ ಬದಲಿಸಿದೆ: ‘ಗೂಗಲ್ ಆ್ಯಡ್ಸ್, ಜಿಎ4, ಬಿಸಿನೆಸ್ ಪ್ರೊಫೈಲ್, ಟೈಲ್ಸ್ ಅಂಗಡಿಗೆ ಸರ್ಚ್ ಕ್ಯಾಂಪೇನ್ ನಡೆಸಿದ ಅನುಭವ, ಕನ್ನಡ, ಇಂಗ್ಲಿಷ್, ಹಿಂದಿ’. ಸ್ಕಿಲ್‌ಶಾಪ್ ಪರೀಕ್ಷೆ ಮೊದಲ ಸಲ ಫೇಲ್, ಎರಡನೇ ಸಲ 84. ಈ ವಾರ ಅಪಿಯರೆನ್ಸ್ 41, ಆ್ಯಕ್ಷನ್ 3. 15,000ದ ಲೆಟರ್‌ನವರಿಗೆ ಬೇಡ ಅಂದೆ. ಆ 2,499 ನಾನು ಕೊಟ್ಟಿರಲಿಲ್ಲ ಹುಷಾರಪ್ಪನವರೇ. ಕೊಡುವವನಿದ್ದೆ, ಅವತ್ತು ಅಕೌಂಟ್‌ನಲ್ಲಿ ಇರಲಿಲ್ಲ.

ಆ್ಯಡ್ ಕಥೆ ಕೇಳಿ. ಅಪ್ಪ 2,500 ಕೊಡಲು ಎರಡು ದಿನ ತೆಗೆದುಕೊಂಡರು. ಮೂರನೇ ದಿನ ಸರ್ಚ್ ಟರ್ಮ್ಸ್ ತೆರೆದರೆ 38 ಕ್ಲಿಕ್‌ನಲ್ಲಿ 11 ಕ್ಲಿಕ್ ಮಂಗಳೂರು ಟೈಲ್ಸ್ ಹುಡುಕಿದವರದ್ದು! ಅಂದರೆ ಮನೆ ಮೇಲೆ ಹೊದಿಸುವ ಹೆಂಚು. ನಮ್ಮಲ್ಲಿ ಇರುವುದು ನೆಲಕ್ಕೆ ಹಾಕುವ ಟೈಲ್ಸ್. ಇಂಗ್ಲಿಷಿನಲ್ಲಿ ಎರಡೂ ಒಂದೇ ಪದ, ಗೂಗಲ್‌ಗೆ ಏನು ಗೊತ್ತು. ನಾಲ್ಕು ಜನ ‘ಟೈಲ್ಸ್ ಕೆಲಸದವರು’ ಅಂತ ಹುಡುಕಿದ್ದರು, ಅವರಿಗೆ ಮೇಸ್ತ್ರಿ ಬೇಕಿತ್ತು. ಮಂಗಳೂರು, ರೂಫ್, ಹೆಂಚು, ಕೆಲಸ, ಎಲ್ಲ ನೆಗೆಟಿವ್ ಮಾಡಿದೆ. ಮೊದಲ ಮೂರು ದಿನ ಅಂಗಡಿಗೆ ಬಂದ ಫೋನ್ 1. ಕೊನೆಯ ಮೂರು ದಿನ 5. ಅದರಲ್ಲಿ ಹರಿಹರದ ಒಬ್ಬರು ಬಂದು ಬಾತ್‌ರೂಮ್‌ಗೆ 22 ಬಾಕ್ಸ್ ತೆಗೆದುಕೊಂಡು ಹೋದರು. ಬಿಲ್ ನಾನೇ ಬರೆದೆ.

ಮೊನ್ನೆ ಇಂದಿರಾನಗರದ ಒಂದು ಏಜೆನ್ಸಿ ಜೊತೆ ವಿಡಿಯೊ ಕಾಲ್ ಆಯಿತು. ಇಪ್ಪತ್ತು ನಿಮಿಷದಲ್ಲಿ ಹದಿನೈದು ನಿಮಿಷ ಹೆಂಚಿನದ್ದೇ ಮಾತು. ಸೋಮವಾರ ಎರಡನೇ ರೌಂಡ್. ತಿಂಗಳಿಗೆ 18,000 ಅಂತಿದ್ದಾರೆ. ಪಿಜಿಗೆ ಹೋಗಿ ಉಳಿಯುವುದು ಏನು ಅಂತ ಇನ್ನೂ ಲೆಕ್ಕ ಹಾಕಿಲ್ಲ.

ಒಂದೇ ಸಮಸ್ಯೆ. ನಿನ್ನೆ ರಾತ್ರಿ ಊಟ ಮಾಡುವಾಗ ಅಪ್ಪನಿಗೆ ಆ ರಿಪೋರ್ಟ್ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. ಆಮೇಲೆ ಕೇಳಿದರು: ‘ಮೂರೇ ದಿನದಲ್ಲಿ 11 ಜನ ಹೆಂಚು ಕೇಳ್ಯಾರೆ ಅಂದ್ರೆ, ನೀನು ಅವರನ್ನ ಯಾಕ ಓಡಿಸಿದಿ? ನಾವೇ ಒಂದು ಲೋಡ್ ಹೆಂಚು ತರಿಸಬಹುದಲ್ಲ?’

ಇದಕ್ಕೆ ಏನು ಉತ್ತರ ಕೊಡಲಿ, ಶಿರಸಿಯವರೇ?

ಶಿರಸಿ_ಟು_ಎಚ್‌ಎಸ್‌ಆರ್:

ಅಪ್ಪನ ರೆಸ್ಯೂಮೆ ಇದ್ದರೆ ಕಳಿಸಿ.